ಚಪ್ಪಲಿ ಸ್ಟ್ಯಾಂಡ್ ಅಲುಗಾಡಿದರೆ, ಬಾಗಿದರೆ, ಉಬ್ಬಿದರೆ: ಮನೆಯಲ್ಲೇ ದೋಷ ಹುಡುಕುವ ಕ್ರಮ

ಮನೆಯಲ್ಲಿ ಕೈಯಾರೆ ಮಾಡಿದ ಮರದ ಚಪ್ಪಲಿ ಸ್ಟ್ಯಾಂಡ್ ಅಲುಗಾಡತೊಡಗಿದರೆ ಹೆಚ್ಚಿನವರು ಮೊದಲು ಇದ್ದ ಸ್ಕ್ರೂಗಳನ್ನು ಬಿಗಿ ಮಾಡುತ್ತಾರೆ, ಅದರಿಂದ ಸರಿಹೋಗದಿದ್ದರೆ ಪಕ್ಕದಲ್ಲೇ ಇನ್ನೆರಡು ಸ್ಕ್ರೂ ಏರಿಸುತ್ತಾರೆ, ಆಗಲೂ ನಿಲ್ಲದಿದ್ದರೆ ಮೊಳೆ ಹೊಡೆಯುತ್ತಾರೆ. ಕೆಲವು ದಿನ ಗಟ್ಟಿಯಾಗಿ ನಿಂತಂತೆ ಕಂಡ ಸ್ಟ್ಯಾಂಡ್ ಮತ್ತೆ ಓಲಾಡುತ್ತದೆ. ಅಷ್ಟರಲ್ಲಿ ಹಲಗೆಯ ಅಂಚಿಗೆ ನಾಲ್ಕಾರು ತೂತು ಬಿದ್ದು ಮರವೇ ಸೀಳಿರುತ್ತದೆ. ಕಾರಣ ತಿಳಿಯದೆ ಮಾಡಿದ ದುರಸ್ತಿ ಇರುವ ಮರವನ್ನೂ ಕೆಡಿಸುತ್ತದೆ. ಆದ್ದರಿಂದ ಇಲ್ಲಿ ಪ್ರತಿಯೊಂದು ದೋಷಕ್ಕೂ ಮೊದಲು ಪರೀಕ್ಷೆಯನ್ನು, ಆಮೇಲೆ ಪರಿಹಾರವನ್ನು ಹೇಳಿದ್ದೇನೆ.

ನಾನು ಗಮನದಲ್ಲಿಟ್ಟುಕೊಂಡಿರುವುದು ತೀರ ಸರಳವಾದ ಸ್ಟ್ಯಾಂಡ್: ನಾಲ್ಕು ಕಾಲು ಅಥವಾ ಎರಡು ಬದಿಯ ಹಲಗೆ, ನಡುವೆ ಮೂರು ಇಲ್ಲವೆ ನಾಲ್ಕು ಅಂತಸ್ತು, 80 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ, 30ರಿಂದ 35 ಸೆಂ.ಮೀ. ಆಳ. ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಇದರ ಜಾಗ ಸಾಮಾನ್ಯವಾಗಿ ತಲೆಬಾಗಿಲ ಪಕ್ಕದ ಕಟ್ಟೆ ಅಥವಾ ವರಾಂಡ. ಮಾರ್ಚ್, ಏಪ್ರಿಲ್ ತಿಂಗಳ ಒಣ ಬಿಸಿಲು, ಜೂನ್‌ನಿಂದ ಪಶ್ಚಿಮದ ಕಡೆಯಿಂದ ಬೀಸುವ ಗಾಳಿ ಮತ್ತು ಅದು ಹೊತ್ತು ತರುವ ತುಂತುರು, ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆ, ದಿನವೂ ಬೆಳಗ್ಗೆ ಬಾಗಿಲಿಗೆ ಹಾಕುವ ನೀರು, ಇಷ್ಟನ್ನೂ ಆ ಮರ ಸಹಿಸಬೇಕು. ಹಾಲ್‌ನಲ್ಲಿರುವ ಟೀಪಾಯಿಗೆ ಬಾರದ ತೊಂದರೆಗಳು ಇದಕ್ಕೆ ಬರುವುದು ಆ ಕಾರಣಕ್ಕೇ.

ಅಲುಗಾಟ ನೆಲದ್ದೋ, ಸ್ಟ್ಯಾಂಡಿನದ್ದೋ

ಮೊದಲು ಚಪ್ಪಲಿ, ಬೂಟುಗಳನ್ನೆಲ್ಲ ತೆಗೆದು ಸ್ಟ್ಯಾಂಡನ್ನು ಖಾಲಿ ಮಾಡಬೇಕು, ಏಕೆಂದರೆ ಭಾರವಿದ್ದಾಗ ಕಾಲುಗಳು ನೆಲಕ್ಕೆ ಒತ್ತಿಕೊಂಡು ನಿಜವಾದ ಅಲುಗಾಟ ಮರೆಯಾಗುತ್ತದೆ. ನಂತರ ತೆಳುವಾದ ಕಾಗದದ ತುಂಡೊಂದನ್ನು ನಾಲ್ಕೂ ಕಾಲುಗಳ ಕೆಳಗೆ ಒಂದೊಂದಾಗಿ ತೂರಿಸಿ ನೋಡಿ, ಕಾಗದ ಸಲೀಸಾಗಿ ಹೋಗುವ ಕಾಲುಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಈಗ ಅದೇ ಸ್ಟ್ಯಾಂಡನ್ನು ಟೈಲ್ಸ್ ಹಾಕಿದ ಹಾಲ್‌ನ ನೆಲದ ಮೇಲೆ ಎರಡು ಮೂರು ಬೇರೆ ಬೇರೆ ಜಾಗಗಳಲ್ಲಿ ನಿಲ್ಲಿಸಿ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಎಲ್ಲ ಜಾಗದಲ್ಲೂ ಅವೇ ಕಾಲುಗಳು ಮೇಲೆದ್ದರೆ ದೋಷ ಸ್ಟ್ಯಾಂಡಿನದು. ಅಲುಗಾಟ ಮಾಯವಾದರೆ ದೋಷ ಕಟ್ಟೆಯ ನೆಲದ್ದು. ಸ್ಟ್ಯಾಂಡನ್ನು ಇದ್ದ ಜಾಗದಲ್ಲೇ ಹಿಂದುಮುಂದಾಗಿ ತಿರುಗಿಸಿ ನೋಡುವುದರಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ನಾಲ್ಕು ಕಾಲಿನ ವಸ್ತು ಅಲುಗಾಡುವಾಗ ಕರ್ಣದ ಎರಡು ಕಾಲುಗಳು ನೆಲ ಬಿಡದೆ ನಿಂತಿರುತ್ತವೆ, ಉಳಿದೆರಡು ಸರದಿಯಂತೆ ಏಳುತ್ತವೆ. ಹಿಂದುಮುಂದು ತಿರುಗಿಸಿದಾಗ ಕರ್ಣದ ಕಾಲುಗಳು ಪರಸ್ಪರ ಜಾಗ ಬದಲಿಸಿಕೊಳ್ಳುವುದರಿಂದ ದೋಷ ಯಾರದಾಗಿದ್ದರೂ ಫಲಿತಾಂಶ ಒಂದೇ ಆಗಿರುತ್ತದೆ.

ಕಡಪ ಕಲ್ಲು ಹಾಸಿದ ಹಳೆಯ ಕಟ್ಟೆಗಳಲ್ಲಿ ಎರಡು ಕಲ್ಲು ಕೂಡುವ ಸಂದಿನ ಬಳಿ ಮಟ್ಟ ಏರುಪೇರಾಗಿರುವುದು ಸಾಮಾನ್ಯ. ಅಂತಹ ಕಡೆ ಕಾಲಿನ ಕೆಳಗೆ ರಟ್ಟು ಮಡಚಿ ಇಡುವ ರೂಢಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ರಟ್ಟು ನೀರು ಹೀರಿ ಆ ತೇವವನ್ನು ದಿನವಿಡೀ ಕಾಲಿನ ತುದಿಗೆ ತಗುಲಿಸಿಕೊಂಡಿರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ತಿರುಗಿಸಿ ಎತ್ತರ ಹೊಂದಿಸಬಹುದಾದ ಬುಷ್‌ಗಳನ್ನು ನಾಲ್ಕೂ ಕಾಲಿಗೆ ಹಾಕಿದರೆ ಮಟ್ಟವೂ ಸರಿಹೋಗುತ್ತದೆ, ಮರವೂ ನೆಲದಿಂದ ಮೇಲೇಳುತ್ತದೆ.

ದೋಷ ಸ್ಟ್ಯಾಂಡಿನದೇ ಎಂದಾದರೆ ತಕ್ಷಣ ಗರಗಸ ಹಿಡಿದು ಕಾಲು ಕೊಯ್ಯಬಾರದು. ಕಾಲುಗಳ ಉದ್ದ ಸಮನಾಗಿದ್ದರೂ ಚೌಕಟ್ಟು ತಿರುಚಿಕೊಂಡಿದ್ದರೆ ಅಲುಗಾಟ ಬರುತ್ತದೆ. ಇದನ್ನು ತಿಳಿಯಲು ನೇರವಾಗಿರುವ ಎರಡು ರೀಪುಗಳನ್ನು ಮೇಲಿನ ಅಂತಸ್ತಿನ ಮೇಲೆ, ಎಡ ಅಂಚಿಗೊಂದು ಬಲ ಅಂಚಿಗೊಂದು ಅಡ್ಡಲಾಗಿಟ್ಟು, ಕಣ್ಣನ್ನು ಅವುಗಳ ಮಟ್ಟಕ್ಕೆ ತಂದು ಒಂದರ ಹಿಂದೆ ಇನ್ನೊಂದನ್ನು ನೋಡಬೇಕು. ಎರಡರ ಮೇಲಂಚೂ ಒಂದೇ ಗೆರೆಯಾಗಿ ಕಂಡರೆ ಚೌಕಟ್ಟು ಸರಿಯಾಗಿದೆ, ಕಾಲಿನ ಉದ್ದದಲ್ಲಿ ವ್ಯತ್ಯಾಸವಿದೆ. ಹಿಂದಿನ ರೀಪು ಓರೆಯಾಗಿ ಕಂಡರೆ ಚೌಕಟ್ಟೇ ತಿರುಚಿದೆ. ತಿರುಚಿದ ಚೌಕಟ್ಟಿಗೆ ಮದ್ದೆಂದರೆ ಎಲ್ಲ ಸ್ಕ್ರೂಗಳನ್ನೂ ಅರ್ಧ ಸುತ್ತಿನಷ್ಟು ಸಡಿಲಿಸಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮೇಲೆ ಭಾರವಿಟ್ಟು, ನಾಲ್ಕೂ ಕಾಲು ನೆಲ ಮುಟ್ಟಿದ ಮೇಲೆ ಮತ್ತೆ ಬಿಗಿ ಮಾಡುವುದು. ಉದ್ದದ ವ್ಯತ್ಯಾಸವಾದರೆ ಸ್ಟ್ಯಾಂಡನ್ನು ಬೆಣೆಗಳ ಸಹಾಯದಿಂದ ರಸಮಟ್ಟಕ್ಕೆ ನಿಲ್ಲಿಸಿ, ಚಿಕ್ಕ ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ, ಆ ತುಂಡನ್ನು ನೆಲದ ಮೇಲೆ ಜಾರಿಸುತ್ತ ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆದು ಆ ಗೆರೆಗೆ ಸರಿಯಾಗಿ ಕೊಯ್ಯಬೇಕು. ಒಂದು ಕಾಲನ್ನು ಅಂದಾಜಿಗೆ ಕೊಯ್ದವರು ಇನ್ನೊಂದನ್ನೂ ಕೊಯ್ಯಬೇಕಾಗುತ್ತದೆ, ಆಮೇಲೆ ಮೂರನೆಯದನ್ನು.

ಪಕ್ಕಕ್ಕೆ ಓಲಾಡುವ ಸ್ಟ್ಯಾಂಡ್

ನಾಲ್ಕೂ ಕಾಲು ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದು, ಮೇಲ್ತುದಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ನೂಕಿದಾಗ ಇಡೀ ಸ್ಟ್ಯಾಂಡ್ ಓರೆಯಾಗುತ್ತಿದ್ದರೆ ಅದು ಬೇರೆಯೇ ದೋಷ, ಮತ್ತು ಮನೆಯಲ್ಲಿ ಮಾಡಿದ ಸ್ಟ್ಯಾಂಡ್‌ಗಳಲ್ಲಿ ಅತ್ಯಂತ ಸಾಮಾನ್ಯವಾದ ದೋಷ. ನಾಲ್ಕು ಪಟ್ಟಿಗಳನ್ನು ಮೂಲೆಗೊಂದೊಂದು ಸ್ಕ್ರೂ ಹಾಕಿ ಜೋಡಿಸಿದ ಆಯತಕ್ಕೆ ತನ್ನಷ್ಟಕ್ಕೆ ಗಟ್ಟಿತನವಿಲ್ಲ. ಪಟ್ಟಿಗಳ ಉದ್ದ ಬದಲಾಗದೆಯೇ ಮೂಲೆಗಳು ತಿರುಗಿ ಆಯತ ಓರೆಯಾಗಬಲ್ಲದು. ತ್ರಿಕೋನಕ್ಕೆ ಆ ಸ್ವಾತಂತ್ರ್ಯವಿಲ್ಲ. ಬದಿಯ ಉದ್ದ ಬದಲಾಗದೆ ಅದರ ಕೋನ ಬದಲಾಗುವುದಿಲ್ಲ. ಹಿಂಬದಿ ಪೂರ್ತಿ ಖಾಲಿ ಬಿಟ್ಟ ಸ್ಟ್ಯಾಂಡ್‌ನಲ್ಲಿ ಎಲ್ಲಿಯೂ ತ್ರಿಕೋನವೇ ಇರುವುದಿಲ್ಲವಾದ್ದರಿಂದ ಓಲಾಟವನ್ನು ತಡೆಯುವ ಹೊಣೆಯೆಲ್ಲ ಸ್ಕ್ರೂಗಳ ಮೇಲೆ ಬೀಳುತ್ತದೆ, ದಿನವೂ ಆಗುವ ಸಣ್ಣ ತಿರುಗಾಟದಿಂದ ಸ್ಕ್ರೂ ತನ್ನ ತೂತನ್ನು ತಾನೇ ಅಗಲಿಸಿಕೊಳ್ಳುತ್ತದೆ. ಬಿಗಿ ಮಾಡಿದ ಸ್ಕ್ರೂ ಮತ್ತೆ ಸಡಿಲವಾಗುವುದರ ಹಿಂದಿನ ಗುಟ್ಟು ಇದು.

ಇದನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆ ಸುಲಭವಾಗಿದೆ. ಒಂದು ರೀಪನ್ನು ಹಿಂಬದಿಯಲ್ಲಿ ಕೆಳ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ ಕರ್ಣವಾಗಿಟ್ಟು, ಎರಡೂ ತುದಿಯನ್ನು ಕ್ಲಾಂಪ್‌ನಿಂದ ಬಿಗಿಹಿಡಿದು, ಮತ್ತೆ ಸ್ಟ್ಯಾಂಡನ್ನು ನೂಕಿ ನೋಡಬೇಕು. ಓಲಾಟ ನಿಂತರೆ ಕೊರತೆ ಇರುವುದು ಕರ್ಣದ ಆಧಾರದ್ದು. ಸ್ಕ್ರೂಗಳನ್ನು ಮುಟ್ಟುವ ಅಗತ್ಯವಿಲ್ಲ. ರೀಪು ಇದ್ದೂ ಅಲುಗಾಟ ಉಳಿದರೆ ಯಾವುದೋ ಕೂಡಿಕೆ ಬಿಟ್ಟಿದೆ ಎಂದು ತಿಳಿದು, ಪ್ರತಿ ಕೂಡಿಕೆಗೂ ಅಡ್ಡಲಾಗಿ ಎರಡೂ ಮರದ ಮೇಲೆ ಹಾಯುವಂತೆ ಪೆನ್ಸಿಲ್ ಗೆರೆ ಎಳೆದು, ಒಬ್ಬರು ನಿಧಾನವಾಗಿ ನೂಕುತ್ತಿರುವಾಗ ಇನ್ನೊಬ್ಬರು ಯಾವ ಗೆರೆ ಮುರಿಯುತ್ತದೆ ಎಂದು ನೋಡಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆಯಾದರೆ ಕೂಡಿಕೆಯ ಮೇಲೆ ಬೆರಳಿಟ್ಟರೆ ತಿಳಿಯುತ್ತದೆ. ಈ ಕೆಲಸದಲ್ಲಿ ಬೆರಳು ಕಣ್ಣಿಗಿಂತ ಸೂಕ್ಷ್ಮ.

ಕರ್ಣದ ಆಧಾರ ಕೊಡುವ ಮುನ್ನ ಚೌಕಟ್ಟು ಮೂಲೆಮಟ್ಟಕ್ಕೆ ಬಂದಿರಬೇಕು, ಇಲ್ಲದಿದ್ದರೆ ಓರೆಯಾದ ಆಕಾರವನ್ನೇ ಗಟ್ಟಿ ಮಾಡಿದಂತಾಗುತ್ತದೆ. ಹಿಂಬದಿಯ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಬೇಕು. 60 ಮತ್ತು 80 ಸೆಂ.ಮೀ. ಬದಿಗಳಿರುವ ಆಯತದಲ್ಲಿ ಕರ್ಣ ಸರಿಯಾಗಿ 100 ಸೆಂ.ಮೀ. ಬರುತ್ತದೆ, ಈ ಅಳತೆಯನ್ನೇ ಆರಿಸಿಕೊಳ್ಳುವುದರ ದೊಡ್ಡ ಅನುಕೂಲ ಅದು. ಒಂದು ಕರ್ಣ 101, ಇನ್ನೊಂದು 99 ಬಂದರೆ ವ್ಯತ್ಯಾಸ ಅಲ್ಪವೆಂದು ತೋರಬಹುದು, ಆದರೆ ಅಷ್ಟಕ್ಕೇ ಮೇಲ್ತುದಿ ಕೆಳತುದಿಗಿಂತ ಸುಮಾರು 1.7 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಉದ್ದವಾದ ಕರ್ಣದ ಎರಡು ಮೂಲೆಗಳಿಗೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚುತ್ತ ಬಂದರೆ ಆ ಕರ್ಣ ಕಿರಿದಾಗುತ್ತದೆ. ಎರಡೂ ಸಮವಾದ ಕ್ಷಣದಲ್ಲಿ ಕೋಲನ್ನು ಅಲ್ಲಿಯೇ ತಡೆದು ಆಧಾರವನ್ನು ಜಡಿಯಬೇಕು.

ಆಧಾರಕ್ಕೆ 4 ಮಿ.ಮೀ. ಪ್ಲೈವುಡ್‌ನ ಹಿಂಬದಿ ಹಲಗೆ ಉತ್ತಮ. ಅಂಟು ಹಚ್ಚಿ ಸುತ್ತಲೂ 10ರಿಂದ 15 ಸೆಂ.ಮೀ.ಗೊಂದು ಸಣ್ಣ ಸ್ಕ್ರೂ ಹಾಕಿದರೆ ಮತ್ತೆ ಓಲಾಡುವ ಮಾತಿಲ್ಲ. ಆದರೆ ಒದ್ದೆ ಬೂಟು ಇಡುವ ಮನೆಗಳಲ್ಲಿ ಹಿಂಬದಿ ಪೂರ್ತಿ ಮುಚ್ಚಿದರೆ ಗಾಳಿಯಾಡದೆ ವಾಸನೆ, ಬೂಷ್ಟು ಬರುತ್ತವೆ. ಅಲ್ಲಿ ಮೇಲೊಂದು, ಕೆಳಗೊಂದು 10 ಸೆಂ.ಮೀ. ಅಗಲದ ಅಡ್ಡಪಟ್ಟಿ ಕೊಟ್ಟು ನಾಲ್ಕು ಮೂಲೆಗೂ ಪ್ಲೈವುಡ್‌ನ ತ್ರಿಕೋನ ತುಂಡುಗಳನ್ನು ಜಡಿಯುವುದು ಮೇಲು. ಮರದ ಪಟ್ಟಿಯನ್ನು ಕರ್ಣಕ್ಕೆ ಹಾಕುವುದಾದರೆ ಒಂದೇ ಸಾಕು, ಏಕೆಂದರೆ ಅದು ಎಳೆತವನ್ನೂ ತಡೆಯುತ್ತದೆ, ಒತ್ತಡವನ್ನೂ ತಡೆಯುತ್ತದೆ; ತಂತಿ ಹಾಕುವುದಾದರೆ ಅದು ಎಳೆತವನ್ನು ಮಾತ್ರ ತಡೆಯುವುದರಿಂದ ಎರಡು ಕರ್ಣಕ್ಕೂ ಹಾಕಬೇಕು.

ಸ್ಟ್ಯಾಂಡ್ ಮುಂದಕ್ಕೆ ವಾಲುವಷ್ಟು ಎತ್ತರವಾಗಿದ್ದರೆ, ಅಂದರೆ 30 ಸೆಂ.ಮೀ. ಆಳಕ್ಕೆ ಒಂದು ಮೀಟರ್‌ಗಿಂತ ಹೆಚ್ಚು ಎತ್ತರವಿದ್ದರೆ, ಗೋಡೆಗೆ ಎಲ್ ಕ್ಲಾಂಪ್ ಹಾಕಿ ಭದ್ರಪಡಿಸಬೇಕು. ಮಕ್ಕಳು ಅಂತಸ್ತುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿ ಬೀಸುವ ಚಿತ್ರದುರ್ಗದಲ್ಲಿ, ತಾರಸಿಯ ಬಾಗಿಲ ಬಳಿ ಇಟ್ಟ ಹಗುರ ಪೈನ್ ಸ್ಟ್ಯಾಂಡ್‌ಗೂ ಈ ಮಾತು ಅನ್ವಯಿಸುತ್ತದೆ.

ಹಿಡಿತ ಬಿಟ್ಟ ಸ್ಕ್ರೂ, ಸೀಳಿದ ತುದಿ

ಸ್ಕ್ರೂ ತಿರುಗಿಸಿದಷ್ಟೂ ತಿರುಗುತ್ತ ಬಿಗಿಯಾಗದಿದ್ದರೆ ಅದನ್ನು ಪೂರ್ತಿ ಹೊರತೆಗೆದು ಅದರ ಎಳೆಗಳ ನಡುವೆ ಏನಿದೆ ಎಂದು ನೋಡಬೇಕು. ಒಣಗಿದ ಮರದ ಪುಡಿ ತುಂಬಿದ್ದರೆ ತೂತು ಸವೆದಿದೆ. ಕಪ್ಪು ಕಲೆ ಅಥವಾ ತುಕ್ಕು ಇದ್ದರೆ ಆ ಕೂಡಿಕೆಗೆ ನೀರು ಹೋಗುತ್ತಿದೆ, ನೀರಿನ ದಾರಿ ಮುಚ್ಚದೆ ಸ್ಕ್ರೂ ಬದಲಿಸಿದರೆ ಫಲವಿಲ್ಲ. ಸ್ವಚ್ಛವಾಗಿದ್ದೂ ಹಿಡಿಯುತ್ತಿಲ್ಲವೆಂದರೆ ಬಹುತೇಕ ಅದು ಹಲಗೆಯನ್ನು ಅಡ್ಡಕ್ಕೆ ಕೊಯ್ದ ತುದಿಯೊಳಗೆ ಹೋದ ಸ್ಕ್ರೂ. ಬದಿಯ ಹಲಗೆಯ ಹೊರಗಿನಿಂದ ಅಂತಸ್ತಿನ ತುದಿಗೆ ಸ್ಕ್ರೂ ಹೊಡೆಯುವುದು ಎಲ್ಲರೂ ಮಾಡುವ ಜೋಡಣೆ, ಆದರೆ ಅಲ್ಲಿ ಸ್ಕ್ರೂ ಮರದ ನಾರುಗಳನ್ನು ಅಡ್ಡವಾಗಿ ಕಚ್ಚುವ ಬದಲು ನಾರುಗಳ ನಡುವೆ ಉದ್ದಕ್ಕೆ ಸೇರಿಕೊಳ್ಳುತ್ತದೆ, ಆದ್ದರಿಂದ ಹಿಡಿತ ದುರ್ಬಲ. ಅಂಟು ಕೂಡ ಅಂತಹ ತುದಿಯಲ್ಲಿ ಒಳಕ್ಕೆ ಹೀರಿಹೋಗಿ ಸರಿಯಾಗಿ ಕಚ್ಚುವುದಿಲ್ಲ. ಅಂತಸ್ತಿನ ಕೆಳಗೆ ಬದಿಯ ಹಲಗೆಗೆ ಎರಡು ಸೆಂ.ಮೀ. ದಪ್ಪದ ಆಧಾರಪಟ್ಟಿಯೊಂದನ್ನು ಜಡಿದು ಅದರ ಮೇಲೆ ಅಂತಸ್ತನ್ನು ಕೂರಿಸಿದರೆ ಭಾರ ಪಟ್ಟಿಯ ಮೇಲೆ ಬೀಳುತ್ತದೆ, ಸ್ಕ್ರೂವಿಗೆ ಹಿಡಿದಿಡುವ ಕೆಲಸವಷ್ಟೇ ಉಳಿಯುತ್ತದೆ.

ಸವೆದ ತೂತಿಗೆ ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ ಉಪಾಯ. ಬಾಳುವ ದುರಸ್ತಿಯೆಂದರೆ ತೂತನ್ನು 8 ಅಥವಾ 10 ಮಿ.ಮೀ.ಗೆ ಅಗಲಿಸಿ, ಗಟ್ಟಿ ಮರದ ಗೂಟಕ್ಕೆ ಬಿಳಿ ಅಂಟು ಹಚ್ಚಿ ಬಡಿದು, ಒಂದು ಹಗಲು ಒಂದು ರಾತ್ರಿ ಬಿಟ್ಟು, ಸಮತಟ್ಟಾಗಿ ಕೊಯ್ದು, ಹೊಸದಾಗಿ ತೂತು ಹಾಕುವುದು. ಬೇಸಿಗೆಯ ಮಧ್ಯಾಹ್ನದಲ್ಲಿ ಫ್ಯಾನ್ ಕೆಳಗೆ ಅಂಟು ಹಚ್ಚಿದರೆ ಕೂಡಿಸುವ ಮೊದಲೇ ಅದರ ಮೇಲೆ ಪೊರೆ ಕಟ್ಟಿ ಕೂಡಿಕೆ ಹುಸಿಯಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಈ ಕೆಲಸವನ್ನು ಬೆಳಗ್ಗೆ ಮಾಡುವುದು ಒಳ್ಳೆಯದು.

ತುದಿ ಸೀಳಿದ್ದರೆ ತೂತು ಹಾಕದೆ ಸ್ಕ್ರೂ ಏರಿಸಿದ್ದಾರೆಂದೋ ತುದಿಗೆ ತೀರ ಹತ್ತಿರ ಏರಿಸಿದ್ದಾರೆಂದೋ ಅರ್ಥ. 8 ನಂಬರ್ ಸ್ಕ್ರೂವಿಗೆ ಪೈನ್‌ನಂತಹ ಮೆತ್ತನೆಯ ಮರದಲ್ಲಿ 2.5 ಮಿ.ಮೀ., ತೇಗ, ಹೊನ್ನೆ, ಮತ್ತಿಯಂತಹ ಗಟ್ಟಿ ಮರದಲ್ಲಿ 3 ಮಿ.ಮೀ. ತೂತು ಬೇಕು, ಮೇಲಿನ ಹಲಗೆಯಲ್ಲಿ ಮಾತ್ರ ಸ್ಕ್ರೂ ಸಡಿಲವಾಗಿ ಹಾದುಹೋಗುವಷ್ಟು ಅಗಲದ ತೂತಿರಬೇಕು, ಇಲ್ಲದಿದ್ದರೆ ಸ್ಕ್ರೂ ಎರಡೂ ಮರವನ್ನು ಕಚ್ಚಿಕೊಂಡು ನಡುವೆ ಸಂದು ಉಳಿಸುತ್ತದೆ. ಚನ್ನಗಿರಿ, ಹೊಳಲ್ಕೆರೆ ಸೀಮೆಯ ತೋಟದ ಮನೆಗಳಲ್ಲಿ ಅಂತಸ್ತಿಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರವನ್ನು ಸೀಳಿ ತೆಗೆದ ಪಟ್ಟಿ, ಬಳಸುವವರು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು. ಅಡಿಕೆ ಮರದ ಹೊರಭಾಗ ಬಹಳ ಗಟ್ಟಿ, ಆದರೆ ನಾರುಗಳೆಲ್ಲ ಒಂದೇ ದಿಕ್ಕಿಗೆ ಓಡುವುದರಿಂದ ಮೊಳೆ ತಾಗಿದರೆ ಉದ್ದಕ್ಕೂ ಸೀಳುತ್ತದೆ. ಒಳಮೈಯ ಮೆತ್ತನೆಯ ತಿರುಳನ್ನು ಪೂರ್ತಿ ಕೆತ್ತಿ ತೆಗೆಯದಿದ್ದರೆ ಅದು ತೇವ ಹೀರುತ್ತದೆ, ಹುಳುವನ್ನೂ ಕರೆಯುತ್ತದೆ. ಚೆನ್ನಾಗಿ ಒಣಗಿಸಿ, ತಿರುಳು ತೆಗೆದು, ತೂತು ಹಾಕಿ ಸ್ಕ್ರೂ ಏರಿಸಿದ ದಬ್ಬೆಯಷ್ಟು ಅಗ್ಗದ, ಗಟ್ಟಿಯಾದ ಅಂತಸ್ತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಾಗಿದ ಹಲಗೆ

ಹಲಗೆ ಎರಡು ರೀತಿಯಲ್ಲಿ ಬಾಗುತ್ತದೆ, ಎರಡರ ಕಾರಣವೂ ಬೇರೆ. ಉದ್ದಕ್ಕೆ ದಾರ ಬಿಗಿಹಿಡಿದಾಗ ನಡುವೆ ತಗ್ಗು ಕಂಡರೆ ಅದು ಭಾರಕ್ಕೆ ಜಗ್ಗಿದ ಹಲಗೆ. ಅಗಲಕ್ಕೆ ಅಳತೆಪಟ್ಟಿ ಇಟ್ಟಾಗ ದೋಣಿಯಂತೆ ಕುಳಿ ಬಿದ್ದಿದ್ದರೆ ಅದು ತೇವದ ಏರುಪೇರಿನಿಂದ ಆದದ್ದು.

ಜಗ್ಗಿದ ಹಲಗೆಯಲ್ಲಿ ಲೆಕ್ಕ ಬಹಳ ನಿಷ್ಠುರ. ಹಲಗೆಯ ಉದ್ದಕ್ಕೂ ಸಮನಾಗಿ ಭಾರ ಬಿದ್ದಾಗ ಅದರ ಬಾಗು ಆಧಾರಗಳ ನಡುವಿನ ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಮತ್ತು ದಪ್ಪದ ಘನಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ. 60 ಸೆಂ.ಮೀ. ಹಲಗೆಗಿಂತ 90 ಸೆಂ.ಮೀ. ಹಲಗೆ ಸುಮಾರು ಐದು ಪಟ್ಟು ಹೆಚ್ಚು ಬಾಗುತ್ತದೆ, 12 ಮಿ.ಮೀ. ಬದಲು 18 ಮಿ.ಮೀ. ದಪ್ಪ ಹಾಕಿದರೆ ಬಾಗು ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಹೆಚ್ಚು ಜೋಡು ಹಿಡಿಯಲೆಂದು ಅಗಲವನ್ನು ಒಂದಡಿ ಹೆಚ್ಚಿಸುವಾಗ ಯಾರೂ ಇದನ್ನು ಎಣಿಸುವುದಿಲ್ಲ. ಮರಕ್ಕೆ ಇನ್ನೊಂದು ಸ್ವಭಾವವಿದೆ: ಒಂದೇ ಭಾರವನ್ನು ತಿಂಗಳುಗಟ್ಟಲೆ ಹೊತ್ತರೆ ಬಾಗು ನಿಧಾನವಾಗಿ ಬೆಳೆಯುತ್ತಲೇ ಹೋಗುತ್ತದೆ, ತೇವವಿದ್ದರೆ ಇನ್ನೂ ಬೇಗ. ಬಾಗಿದ ಹಲಗೆಯನ್ನು ಮಗುಚಿ ಹಾಕಿದರೆ ಕೆಲ ಕಾಲದ ಮೇಲೆ ಅದು ಮತ್ತೆ ಕೆಳಗೆ ಬಾಗುತ್ತದೆ. ಮುಂದಿನ ಅಂಚಿನ ಕೆಳಗೆ 4 ಸೆಂ.ಮೀ. ಎತ್ತರದ ಪಟ್ಟಿಯನ್ನು ನಿಲುವಾಗಿ ಅಂಟಿಸಿ ಸ್ಕ್ರೂ ಹಾಕುವುದು, ಅಥವಾ ನಡುವೆ ಒಂದು ಕಾಲು ಕೊಡುವುದು ಸರಿಯಾದ ದಾರಿ.

ಕುಳಿ ಬಿದ್ದ ಹಲಗೆಯನ್ನು ಅರ್ಥಮಾಡಿಕೊಳ್ಳಲು ಮರ ಋತುವಿನೊಂದಿಗೆ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದಿರಬೇಕು. ಮರ ಉದ್ದಕ್ಕೆ ಕುಗ್ಗಿ ಹಿಗ್ಗುವುದು ಗಣನೆಗೆ ಬಾರದಷ್ಟು ಕಡಿಮೆ, ಅಗಲಕ್ಕೆ ಹೆಚ್ಚು. ಅಷ್ಟೇನೂ ಅಲುಗದ ಮರವೆಂದು ಹೆಸರಾದ ತೇಗದಲ್ಲೂ, ಏಪ್ರಿಲ್‌ನಿಂದ ಅಕ್ಟೋಬರ್‌ಗೆ ಮರದೊಳಗಿನ ತೇವಾಂಶ ಶೇಕಡಾ 6ರಷ್ಟು ಏರಿದರೆ 20 ಸೆಂ.ಮೀ. ಅಗಲದ ಹಲಗೆ ಸುಮಾರು 2 ಮಿ.ಮೀ. ಹಿಗ್ಗಬಲ್ಲದು. ಮೇಲ್ಮೈಗೆ ಮಾತ್ರ ಪಾಲಿಶ್ ಹೊಡೆದು ಕೆಳಮೈಯನ್ನು ಹಾಗೆಯೇ ಬಿಟ್ಟರೆ ಮಳೆಗಾಲದಲ್ಲಿ ಕೆಳಮೈ ಹಿಗ್ಗಿ ಹಲಗೆ ಮೇಲ್ಮುಖವಾಗಿ ಕುಳಿಯಾಗುತ್ತದೆ. ಕಾಣದ ಭಾಗಕ್ಕೆ ಪಾಲಿಶ್ ಏಕೆಂದು ಉಳಿಸಿದ ಸ್ವಲ್ಪ ಹಣ ಹೀಗೆ ನಷ್ಟವಾಗುತ್ತದೆ. ಕುಳಿಯಾದ ಹಲಗೆಯನ್ನು ಬಿಚ್ಚಿ, ಕುಳಿ ಇರುವ ಮೈಯನ್ನು ಒದ್ದೆ ಗೋಣಿಚೀಲದ ಮೇಲೆ ಕವುಚಿ, ಉಬ್ಬಿದ ಮೈಯನ್ನು ಬೆಳಗಿನ ಎಳೆ ಬಿಸಿಲಿಗೆ ಒಡ್ಡಿದರೆ ಬಹುಮಟ್ಟಿಗೆ ನೇರವಾಗುತ್ತದೆ. ನೇರವಾದೊಡನೆ ನೆರಳಿನಲ್ಲಿ ಎರಡೂ ಮೈಗೆ ಗಾಳಿಯಾಡುವಂತೆ ಒಣಗಿಸಿ ಎರಡೂ ಮೈಗೂ ಸಮನಾಗಿ ಪಾಲಿಶ್ ಕೊಡಬೇಕು. ಮತ್ತೆ ಜೋಡಿಸುವಾಗ ಕೆಳಗಿನ ಆಧಾರಪಟ್ಟಿಯ ತೂತುಗಳನ್ನು ಹಲಗೆಯ ಅಗಲದ ದಿಕ್ಕಿಗೆ ಒಂದೆರಡು ಮಿ.ಮೀ. ಉದ್ದ ಮಾಡಿದರೆ ಹಲಗೆಗೆ ಹಿಗ್ಗಲು, ಕುಗ್ಗಲು ಎಡೆ ಸಿಗುತ್ತದೆ. ಹಾಗೆ ಎಡೆ ಕೊಡದೆ ಅಂಟು ಹಾಕಿ ಕಟ್ಟಿದ ಅಗಲ ಹಲಗೆ ಬೇಸಿಗೆಯಲ್ಲಿ ಸೀಳು ಬಿಡುತ್ತದೆ. ಅಂತಹ ಸೀಳಿಗೆ ಏಪ್ರಿಲ್‌ನಲ್ಲಿ ಪುಟ್ಟಿ ತುಂಬಿದರೆ ಮಳೆಗಾಲದಲ್ಲಿ ಹಿಗ್ಗಿದ ಮರ ಪುಟ್ಟಿಯನ್ನು ಹೊರದೂಡುತ್ತದೆ.

ಹೊಸದಾಗಿ ಮಾಡುವವರು ಅಗಲ ಹಲಗೆಯ ಬದಲು 5ರಿಂದ 7 ಸೆಂ.ಮೀ. ಅಗಲದ ರೀಪುಗಳನ್ನು 1 ಸೆಂ.ಮೀ. ಸಂದು ಬಿಟ್ಟು ಹಾಕಿದರೆ ಈ ತೊಂದರೆಯ ಬಹುಪಾಲು ಹುಟ್ಟುವುದೇ ಇಲ್ಲ. ಸಾಮಿಲ್‌ನಿಂದ ತಂದ ಮರ ಒಣಗಿದೆಯೇ ಎಂದು ತಿಳಿಯಲು ಒಂದು ತುಂಡನ್ನು ಎರಡು ಮೂರು ದಿನಕ್ಕೊಮ್ಮೆ ತಕ್ಕಡಿಯಲ್ಲಿ ತೂಗುತ್ತ ಹೋಗಬೇಕು. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಆರಂಭಿಸಬೇಕು.

ಕಾಲಿನ ಬುಡದ ಕಪ್ಪು ಕಲೆ

ಸ್ಟ್ಯಾಂಡನ್ನು ಅತಿ ಹೆಚ್ಚು ಹಾಳುಮಾಡುವುದು ಕೆಳಗಿನಿಂದ ಬರುವ ನೀರು. ಮರದ ನಾರುಗಳು ಉದ್ದಕ್ಕೂ ಕೊಳವೆಗಳಂತಿರುವುದರಿಂದ ಕೊಯ್ದ ತುದಿ ನೀರಿನಲ್ಲಿ ನಿಂತರೆ ಅದು ಮೇಲಕ್ಕೆ ಹೀರಿಕೊಳ್ಳುತ್ತದೆ. ಕಾಲಿನ ಬುಡದಲ್ಲಿ ಕಪ್ಪು ಅಥವಾ ಗಾಢ ಕಂದು ಕಲೆ ಎಷ್ಟು ಎತ್ತರಕ್ಕೆ ಏರಿದೆ, ಯಾವ ಕಾಲುಗಳಲ್ಲಿ ಏರಿದೆ ಎಂದು ನೋಡಿದರೆ ನೀರಿನ ದಾರಿ ತಾನಾಗಿ ತಿಳಿಯುತ್ತದೆ. ನಾಲ್ಕೂ ಕಾಲಿನಲ್ಲಿ ಕಲೆ ಸಮನಾಗಿದ್ದರೆ ನೆಲ ತೊಳೆದ ನೀರು ಕಾಲಿನ ಕೆಳಗೆ ನಿಲ್ಲುತ್ತಿದೆ. ಮುಂದಿನ ಎರಡರಲ್ಲಿ ಮಾತ್ರವಿದ್ದರೆ ಬಾಗಿಲಿಗೆ ಹಾಕುವ ನೀರೋ ಗಾಳಿಯ ತುಂತುರೋ ತಾಗುತ್ತಿದೆ. ಪಶ್ಚಿಮಕ್ಕೆ ಮುಖ ಮಾಡಿದ ವರಾಂಡದಲ್ಲಿ ಎರಡನೆಯದೇ ಹೆಚ್ಚು. ಹಿಂದಿನ ಎರಡರಲ್ಲಿ ಮಾತ್ರವಿದ್ದರೆ ಗೋಡೆ ತೇವ ಬಿಡುತ್ತಿದೆ, ಸ್ಟ್ಯಾಂಡನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಬೇಕು. ಕಲೆ ಕೆಳಗಿಲ್ಲದೆ ಅಂತಸ್ತಿನ ಮೇಲೆಯೇ ಇದ್ದರೆ ನೀರು ತರುತ್ತಿರುವುದು ಚಪ್ಪಲಿಗಳು. ದಾವಣಗೆರೆ ಸುತ್ತ ಗದ್ದೆ, ಎರೆಹೊಲಗಳಿಂದ ಬರುವವರ ಬೂಟಿಗೆ ಮೆತ್ತಿದ ಕಪ್ಪು ಮಣ್ಣು ಬೇಗ ಒಣಗದೆ ಬಹಳ ಹೊತ್ತು ತೇವ ಹಿಡಿದಿರುತ್ತದೆ. ಅಂತಹ ಬೂಟುಗಳಿಗೆ ಕೆಳಗಿನ ಅಂತಸ್ತಿನಲ್ಲಿ ಪ್ರತ್ಯೇಕ ಟ್ರೇ ಇಡುವುದು ಅವಶ್ಯಕ.

ಕಲೆ ಇರುವ ಜಾಗವನ್ನು ಚೂಪಾದ ದಬ್ಬಳದಿಂದ ಚುಚ್ಚಿ ನೋಡಬೇಕು. ದಬ್ಬಳ ಹೋಗದಿದ್ದರೆ ಬಣ್ಣ ಮಾತ್ರ ಕೆಟ್ಟಿದೆ: ಸ್ಟ್ಯಾಂಡನ್ನು ತಲೆಕೆಳಗಾಗಿಟ್ಟು ಪೂರ್ತಿ ಒಣಗಿಸಿ, ಕಾಲಿನ ತುದಿಗೆ ತೆಳುವಾಗಿ ಕಲಸಿದ ವಾರ್ನಿಷ್ ಅಥವಾ ಎಪಾಕ್ಸಿಯನ್ನು ಮರ ಹೀರುವುದು ನಿಲ್ಲುವವರೆಗೆ ಎರಡು ಮೂರು ಬಾರಿ ಹಚ್ಚಿ, ರಬ್ಬರ್ ಬುಷ್ ಹಾಕಬೇಕು. ದಬ್ಬಳ ಸಲೀಸಾಗಿ ಇಳಿದರೆ ಆ ಭಾಗ ಕೊಳೆತಿದೆ. ಗಟ್ಟಿ ಮರ ಸಿಗುವವರೆಗೆ ನಾಲ್ಕೂ ಕಾಲನ್ನು ಒಂದೇ ಎತ್ತರಕ್ಕೆ ಕೊಯ್ಯದೆ ಬೇರೆ ದಾರಿಯಿಲ್ಲ. ಹಾಗೆ ಗಿಡ್ಡವಾದ ಸ್ಟ್ಯಾಂಡಿನ ಕೆಳ ಅಂತಸ್ತನ್ನು ತೆಗೆದು, ಅದರ ಬದಲು 2 ಸೆಂ.ಮೀ. ದಪ್ಪದ ಕಡಪ ಕಲ್ಲನ್ನು ಇಟ್ಟಿಗೆಗಳ ಮೇಲೆ ಕೂರಿಸಿ ಸ್ಟ್ಯಾಂಡನ್ನು ಅದರ ಮೇಲೆ ನಿಲ್ಲಿಸಬಹುದು. 60 ಸೆಂ.ಮೀ.ಗೆ 35 ಸೆಂ.ಮೀ. ಕಲ್ಲು ಸುಮಾರು 11 ಕೆ.ಜಿ. ತೂಗುತ್ತದೆ, ನೀರಿಗೆ ಹೆದರುವುದಿಲ್ಲ, ಒದ್ದೆ ಬೂಟಿಗೆ ಅದೇ ಅಂತಸ್ತಾಗುತ್ತದೆ.

ಪ್ಲೈವುಡ್ ಉಬ್ಬಿದರೆ ನಾಣ್ಯದಿಂದ ತಟ್ಟುತ್ತ ಹೋಗಿ ಟೊಳ್ಳು ಸದ್ದು ಬರುವ ಜಾಗ ಗುರುತಿಸಬೇಕು. ಅಲ್ಲಿ ಪದರ ಬಿಟ್ಟಿದೆ. ಅಂಗಡಿಯಲ್ಲಿ ಕಮರ್ಷಿಯಲ್ ಎಂದು ಕೊಡುವ ಹಲಗೆ ಮನೆಯೊಳಗಿನ ಒಣ ಜಾಗಕ್ಕೆ ಮಾತ್ರ. ಅದರ ಯೂರಿಯಾ ಅಂಟು ನೀರನ್ನು ಹೆಚ್ಚು ಕಾಲ ತಾಳುವುದಿಲ್ಲ. ವರಾಂಡಕ್ಕೆ ಫೀನಾಲ್ ಅಂಟಿನ, ಭಾರತೀಯ ಮಾನಕ ಐಎಸ್ 710 ಗುರುತಿರುವ ಮರೈನ್ ಹಲಗೆ ಬೇಕು, ಅದಕ್ಕೂ ಕೊಯ್ದ ಅಂಚುಗಳನ್ನು ಪಟ್ಟಿಯಿಂದಲೋ ಬಣ್ಣದಿಂದಲೋ ಮುಚ್ಚಲೇಬೇಕು. ಪದರ ಬಿಟ್ಟ ಜಾಗ ಒಣಗಿ ಸ್ವಚ್ಛವಾಗಿದ್ದರೆ ಸಿರಿಂಜಿನಿಂದ ಅಂಟು ತುಂಬಿ ಭಾರವಿಟ್ಟು ಒತ್ತಬಹುದು. ಕಪ್ಪಾಗಿ ನಾರು ಬಿಟ್ಟಿದ್ದರೆ ಕೊಯ್ದು ತೆಗೆಯಬೇಕು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದರೆ ಒಣಗಿದರೂ ಮೊದಲಿನ ಸ್ಥಿತಿಗೆ ಬರುವುದಿಲ್ಲ, ಸ್ಕ್ರೂವನ್ನೂ ಹಿಡಿಯುವುದಿಲ್ಲ. ಅದನ್ನು ದುರಸ್ತಿ ಮಾಡಲು ಶ್ರಮಪಡುವುದು ಬೇಡ.

ಪುಡಿ ಉದುರುತ್ತಿದ್ದರೆ

ಸ್ಟ್ಯಾಂಡಿನ ಕೆಳಗೆ ಬಿದ್ದ ಪುಡಿಯನ್ನು ಗುಡಿಸಿ ಎಸೆಯುವ ಮುನ್ನ ಬೆರಳಿನ ನಡುವೆ ಉಜ್ಜಿ ನೋಡಬೇಕು. ಹಿಟ್ಟಿನಷ್ಟು ನುಣ್ಣಗಿದ್ದು, ಮರದ ಮೇಲೆ ಒಂದೆರಡು ಮಿ.ಮೀ. ಅಗಲದ ದುಂಡು ತೂತುಗಳಿದ್ದರೆ ಅದು ಮರ ಕೊರೆಯುವ ದುಂಬಿ. ಈ ದುಂಬಿ ಪಿಷ್ಟವಿರುವ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ, ಒಳಗಿನ ಗಟ್ಟಿ ಚೇಗಿನ ತಂಟೆಗೆ ಹೋಗುವುದಿಲ್ಲ. ಹೀಗಾಗಿ ಬಿಳಿ ಭಾಗ ಹೆಚ್ಚಿರುವ ಪಟ್ಟಿಯನ್ನು ಬದಲಿಸುವುದೇ ನಿಶ್ಚಿತ ಪರಿಹಾರ. ಪುಡಿಯ ಬದಲು ಸಣ್ಣ ಗಟ್ಟಿ ಕಾಳುಗಳು ಕೈಗೆ ಸಿಕ್ಕರೆ ಅದು ಮರದೊಳಗೇ ಬದುಕುವ ಒಣಮರದ ಗೆದ್ದಲು, ಆ ತುಂಡನ್ನು ಕೂಡಲೇ ಮನೆಯಿಂದ ಹೊರಹಾಕಬೇಕು. ಮಣ್ಣಿನ ಸುರಂಗ ಕಂಡರೆ ನೆಲದ ಗೆದ್ದಲು. ಸುರಂಗವನ್ನು ಒಂದು ಕಡೆ ಮುರಿದು ಮರುದಿನ ನೋಡಿದಾಗ ಅದು ಮತ್ತೆ ಕಟ್ಟಿಕೊಂಡಿದ್ದರೆ ಗೆದ್ದಲು ಈಗಲೂ ಓಡಾಡುತ್ತಿದೆ. ಅದರ ಗೂಡು ಮಣ್ಣಿನಲ್ಲಿರುವುದರಿಂದ ಸ್ಟ್ಯಾಂಡಿಗಷ್ಟೇ ಔಷಧ ಬಳಿದರೆ ಅದು ಪಕ್ಕದ ಬಾಗಿಲ ಚೌಕಟ್ಟಿಗೆ ಹೋಗುತ್ತದೆ. ಗೋಡೆ ಮತ್ತು ನೆಲ ಕೂಡುವ ಸಂದಿಗೆ ತಿಳಿದವರಿಂದ ಔಷಧ ಹಾಕಿಸಬೇಕು. ಔಷಧ ತಗುಲಿದ ಮರವನ್ನು ನೀರೊಲೆಗೆ ಹಾಕಲೇಬಾರದು.

ಕಾರ್ಖಾನೆಗಳ ಪ್ಯಾಕಿಂಗ್ ಮರದಿಂದ ಸ್ಟ್ಯಾಂಡ್ ಮಾಡುವವರು ಹಲಗೆಯ ಮೇಲಿನ ಮುದ್ರೆಯನ್ನು ಓದಬೇಕು. ಎಚ್‌ಟಿ ಎಂದಿದ್ದರೆ ಮರದ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಲಾಗಿದೆ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಲಾಗಿದೆ, ಅದನ್ನು ಮನೆಗೆ ತರಬಾರದು. ಎಚ್‌ಟಿ ಮುದ್ರೆ ಆಗ ಮರದಲ್ಲಿದ್ದ ಹುಳುಗಳು ಸತ್ತಿವೆ ಎಂಬುದಕ್ಕೆ ಮಾತ್ರ ಸಾಕ್ಷಿ. ಮುಂದೆ ಹುಳು ಹಿಡಿಯುವುದಿಲ್ಲವೆಂದಾಗಲಿ ಮರ ಒಣಗಿದೆಯೆಂದಾಗಲಿ ಅದರ ಅರ್ಥವಲ್ಲ.

ಪಾಲಿಶ್ ಮತ್ತು ಬಾಗಿಲು

ಮಳೆಗಾಲದಲ್ಲಿ ಪಾಲಿಶ್ ಬೆಳ್ಳಗಾದರೆ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಬೇಕು. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್, ನೀರು ತಾಗುವ ಜಾಗಕ್ಕೆ ಹೊಂದದು. ಒಣ ದಿನಗಳಲ್ಲಿ ಉಪ್ಪುಕಾಗದದಿಂದ ಉಜ್ಜಿ ತೆಗೆದು ವಾರ್ನಿಷ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯಬೇಕು. ಬಾಗಿಲಿರುವ ಸ್ಟ್ಯಾಂಡಿನಲ್ಲಿ ಬಾಗಿಲು ಉಜ್ಜಿದರೆ ಅದರ ಹೊರ ಅಂಚನ್ನು ಕೈಯಿಂದ ಮೇಲೆತ್ತಿ ನೋಡಬೇಕು. ಎತ್ತಿದಾಗ ಚಲಿಸಿದರೆ ಕೀಲಿನ ಸ್ಕ್ರೂ ಸಡಿಲವಾಗಿದೆ. ಚಲಿಸದೆ, ಮಳೆಗಾಲದಲ್ಲಿ ಮಾತ್ರ ಉಜ್ಜುತ್ತಿದ್ದರೆ ಮರ ಹಿಗ್ಗಿದೆ; ಆಗಲೇ ಮರ ಹೆರೆಯುವ ತೋಪಡ ಹಿಡಿದರೆ ಬೇಸಿಗೆಯಲ್ಲಿ ಸಂದು ದೊಡ್ಡದಾಗಿ ಕಾಣುತ್ತದೆ. ಉಜ್ಜುವ ಜಾಗಕ್ಕೆ ಮೇಣ ಸವರಿ ಕಾಯ್ದು, ಡಿಸೆಂಬರ್‌ನಲ್ಲಿ ಮರ ಸ್ಥಿರವಾದ ಮೇಲೂ ಉಜ್ಜುತ್ತಿದ್ದರೆ ಆಗ ತೆಳುವಾಗಿ ಹೆರೆಯಬಹುದು.

ಯಾವ ದುರಸ್ತಿಯನ್ನೇ ಮಾಡಿರಲಿ, ಆ ದಿನದ ಎರಡು ಕರ್ಣಗಳ ಅಳತೆ ಮತ್ತು ಪ್ರತಿ ಅಂತಸ್ತಿನ ಬಾಗಿನ ಅಳತೆಯನ್ನು ತಾರೀಖಿನೊಂದಿಗೆ ಸ್ಟ್ಯಾಂಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ಮುಂದಿನ ಅಕ್ಟೋಬರ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಅಳೆದಾಗ ಕರ್ಣಗಳು ಬದಲಾಗಿದ್ದರೆ ಕೂಡಿಕೆಯನ್ನೂ, ಬಾಗು ಮಾತ್ರ ಬೆಳೆದಿದ್ದರೆ ಹಲಗೆಯ ಆಧಾರವನ್ನೂ ಮತ್ತೆ ನೋಡಬೇಕು.